ಕಾರಿನಲ್ಲಿ ಕರುಣಾಸಂಧಿ

ನಮ್ಮ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಆರ್.ಸಿ., ವಿಮೆಯ ಕಾಗದ ಮತ್ತು ಮಾಸಿದ ಟೋಲ್ ರಸೀದಿಗಳ ಜೊತೆಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಎರಡು ಡಿ.ವಿ.ಡಿ.ಗಳಿವೆ. ಅವುಗಳ ಮೇಲೆ ಚಿತ್ರವಿಲ್ಲ, ಚೀಟಿಯಿಲ್ಲ. ಮಾರ್ಕರ್ ಪೆನ್ನಿನಿಂದ ಒಂದರ ಮೇಲೆ ‘ಅಮ್ಮ 24/96 – ಮೂಲ’ ಎಂದೂ ಇನ್ನೊಂದರ ಮೇಲೆ ‘ಅಮ್ಮ 24/96 – ಪೂರ್ಣ’ ಎಂದೂ ಬರೆದಿದೆ. ಈ ಎರಡು ತಟ್ಟೆಗಳ ತಯಾರಿಗೆ ನಾವು 2017ರ ಬೇಸಿಗೆಯ ಬಹುಪಾಲು ಭಾನುವಾರಗಳನ್ನೂ ಎರಡು ಸಿ.ಎಲ್.ಗಳನ್ನೂ ವ್ಯಯಿಸಿದೆವು. (ನಾವು ಎಂದು ಬರೆಯುತ್ತಿರುವುದು ದೊಡ್ಡಸ್ತಿಕೆಯಿಂದಲ್ಲ. ವರ್ಷಾನುಗಟ್ಟಲೆ ಸರ್ಕಾರಿ ಕಡತಗಳ ಮೇಲೆ ಟಿಪ್ಪಣಿ ಬರೆದವರ ಕೈಗೆ ‘ನಾನು’ ಎಂಬ ಪದ ಸುಲಭವಾಗಿ ಬರುವುದಿಲ್ಲ.)

ಮೂಲ ಧ್ವನಿ ಇದ್ದದ್ದು ಅರವತ್ತು ನಿಮಿಷದ ಒಂದು ಕ್ಯಾಸೆಟ್ಟಿನಲ್ಲಿ. 1988ರ ಶ್ರಾವಣದಲ್ಲಿ, ರಾಯಚೂರಿನ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ, ಟೂ-ಇನ್-ಒನ್ ಯಂತ್ರವನ್ನು ಮಣೆಯ ಮೇಲಿಟ್ಟು, ಅಮ್ಮ ಹಾಡುವ ಹರಿಕಥಾಮೃತಸಾರವನ್ನು ಅಪ್ಪ ಅದರಲ್ಲಿ ಹಿಡಿದಿದ್ದರು. ಮಾನ್ವಿಯ ಜಗನ್ನಾಥದಾಸರ ಈ ಕೃತಿ ನಮ್ಮ ಕಡೆಯ ಹೆಂಗಸರಿಗೆ ಪುಸ್ತಕವಲ್ಲ, ದಿನಚರಿ. ಭಾಮಿನೀ ಷಟ್ಪದಿಯ ನಡೆ ಅವರ ಉಸಿರಿನ ನಡೆಯೇ ಆಗಿರುತ್ತದೆ. ಒಲೆಯ ಮುಂದೆ ಕುಳಿತೂ ಹೇಳುತ್ತಾರೆ, ಹೂ ಕಟ್ಟುತ್ತಲೂ ಹೇಳುತ್ತಾರೆ. ಆ ಕ್ಯಾಸೆಟ್ಟಿನಲ್ಲಿ ಮಂಗಳಾಚರಣೆ ಮತ್ತು ಕರುಣಾಸಂಧಿ ಪೂರ್ಣವಾಗಿ, ವ್ಯಾಪ್ತಿಸಂಧಿ ಒಂದಿಷ್ಟು ಇದ್ದವು. ಅಪ್ಪ ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಅಂದೇ ಮುರಿದು ಹಾಕಿದ್ದರು. ಅವನ್ನು ಮುರಿದರೆ ಆ ಟೇಪಿನ ಮೇಲೆ ಮತ್ತೇನನ್ನೂ ಧ್ವನಿಮುದ್ರಿಸಲು ಬರುವುದಿಲ್ಲವೆಂಬುದು ಆ ಕಾಲದವರಿಗೆಲ್ಲ ತಿಳಿದದ್ದೇ. ಹಾಗೆ ಮಾಡದಿದ್ದರೆ ಒಂಬತ್ತು ವರ್ಷದ ನಾವು ಅದರ ಮೇಲೆ ಸಿನಿಮಾ ಹಾಡು ಹಿಡಿಯುತ್ತಿದ್ದೆವು ಎಂಬುದರಲ್ಲಿ ಸಂಶಯವಿಲ್ಲ.

ಅಪ್ಪ 1999ರಲ್ಲಿ ತೀರಿಕೊಂಡರು. ಅಮ್ಮ ರಾಯಚೂರಿನಲ್ಲಿ ಅಣ್ಣನ ಮನೆಯಲ್ಲಿ ಇರುವವರು, ವರ್ಷಕ್ಕೆ ಒಂದೆರಡು ಸಲ ಹೈದರಾಬಾದಿಗೆ ಬರುವವರು. 2017ರ ಆರಂಭದಲ್ಲಿ ಬಂದಾಗ, ಕೇಳಿದ ಪ್ರಶ್ನೆಗೆ ಬೇರೆಯೇ ಉತ್ತರ ಕೊಡತೊಡಗಿದ್ದನ್ನು ನಮ್ಮ ಮನೆಯವರು ಗಮನಿಸಿದರು. ಪರೀಕ್ಷೆ ಮಾಡಿಸಿದೆವು. ಎರಡು ಸಾವಿರ ಹರ್ಟ್ಸ್ ದಾಟಿದ ಮೇಲೆ ಅಮ್ಮನ ಶ್ರವಣದ ಗೆರೆ ಬೆಟ್ಟದಿಂದ ಇಳಿಯುವ ದಾರಿಯಂತೆ ಕೆಳಗಿಳಿದಿತ್ತು. ಕಿವಿಗೆ ಯಂತ್ರ ಹಾಕೋಣವೆಂದರೆ, “ಕಿವ್ಯಾಗ ಹುಳಾ ಹೊಕ್ಕಂಗ ಆಗ್ತದ, ಒಲ್ಲೆ” ಎಂದುಬಿಟ್ಟರು. ಕ್ಯಾಸೆಟ್ಟಿನ ನೆನಪಾದದ್ದು ಆಗ. ಇನ್ನೂ ಕೇಳಿಸುವಷ್ಟು ಕೇಳಿಸುವಾಗಲೇ ಅಮ್ಮನಿಗೆ ಅಮ್ಮನ ಧ್ವನಿಯನ್ನು ಕೇಳಿಸಬೇಕು, ಅದೂ ಸಾಧ್ಯವಿರುವ ಅತ್ಯುತ್ತಮ ರೂಪದಲ್ಲಿ, ಎಂಬ ಹಟ ನಮ್ಮನ್ನು ಹಿಡಿಯಿತು.

‘ಅತ್ಯುತ್ತಮ’ ಎಂಬುದಕ್ಕೆ ನಾವು ಅಂಕಿಗಳನ್ನೇ ಪ್ರಮಾಣವಾಗಿ ಇಟ್ಟುಕೊಂಡೆವು. 1982ರಲ್ಲಿ ಬಂದ ಸಿ.ಡಿ.ಯು ಸೆಕೆಂಡಿಗೆ 44,100 ಬಾರಿ ಧ್ವನಿಯನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ, ಅಂದರೆ 65,536 ಮಟ್ಟಗಳಲ್ಲಿ ಯಾವುದಾದರೊಂದರಲ್ಲಿ, ಬರೆದಿಡುತ್ತದೆ. 2000ದ ಹೊತ್ತಿಗೆ ಬಂದ ಡಿ.ವಿ.ಡಿ.-ಆಡಿಯೋ ಎಂಬ ತಟ್ಟೆ ಇದನ್ನು ಮೀರಿಸಿತು. ಅದು ಸೆಕೆಂಡಿಗೆ 96,000 ಅಥವಾ 1,92,000 ಅಳತೆಗಳನ್ನೂ 24 ಬಿಟ್‌ಗಳನ್ನೂ ಹಿಡಿಯಬಲ್ಲದು. 24 ಬಿಟ್ ಎಂದರೆ 1,67,77,216 ಮಟ್ಟಗಳು. ಅಮೆರಿಕದಲ್ಲಿ 2004ರ ಮಾದರಿಯ ಅಕ್ಯುರಾ ಟಿ.ಎಲ್. ಕಾರು ಈ ತಟ್ಟೆಯನ್ನು ನುಡಿಸುವ ವ್ಯವಸ್ಥೆಯೊಂದಿಗೇ ಕಾರ್ಖಾನೆಯಿಂದ ಹೊರಬಂದಿತ್ತು. ಧ್ವನಿಮುದ್ರಣ ತಜ್ಞ ಎಲಿಯಟ್ ಶೈನರ್ ಅದನ್ನು ಹದಗೊಳಿಸಿದ್ದರು. ಮನೆಗಳಲ್ಲಿ ಆ ತಟ್ಟೆ ಹೆಚ್ಚು ಕಾಲ ಬಾಳಲಿಲ್ಲ. ನಮ್ಮದು 2012ರ ಸಾಧಾರಣ ಕಾರು, ಅದರಲ್ಲಿ ಹೊರಗಿನಿಂದ ಹಾಕಿಸಿದ ಡಿ.ವಿ.ಡಿ. ಸ್ಟೀರಿಯೋ. ಅದರ ಪೆನ್‌ಡ್ರೈವ್ ಕಿಂಡಿ ಎಂ.ಪಿ.3ಯನ್ನು ಬಿಟ್ಟು ಬೇರೇನನ್ನೂ ಓದುತ್ತಿರಲಿಲ್ಲ. ಹಾಗಾಗಿ ತಟ್ಟೆಯೇ ಗತಿ. ಕಾರೇ ಏಕೆಂದರೆ, ಅಮ್ಮ ಕದಲದೆ ಕುಳಿತುಕೊಳ್ಳುವುದು ಅಲ್ಲಿ ಮಾತ್ರ. ಮನೆಯಲ್ಲಿ ಹಾಡು ಹಾಕಿದರೆ ಎರಡನೆಯ ನಿಮಿಷಕ್ಕೆ ಎದ್ದು ಸೊಪ್ಪು ಸೋಸಲು ಹೋಗುತ್ತಾರೆ.

ಮೊದಲು ಬೇಕಾದದ್ದು ಒಳ್ಳೆಯ ಕ್ಯಾಸೆಟ್ ಡೆಕ್. ಅದಕ್ಕಾಗಿ ಒಂದು ಗುರುವಾರ ರಜೆ ಹಾಕಿ ಹಳೆಯ ಪಟ್ಟಣದ ಜುಮೇರಾತ್ ಬಜಾರಿಗೆ ಹೋದೆವು. ಹಳೆಯ ಬೀಗ, ಒಂಟಿ ಚಪ್ಪಲಿ, ಮುರಿದ ಫ್ಯಾನುಗಳ ನಡುವೆ ಕ್ಯಾಸೆಟ್ ಡೆಕ್ಕೊಂದು ಸಿಕ್ಕಿತು. ಅದನ್ನು ಕೋಠಿಯ ಗುಜರಾತಿ ಗಲ್ಲಿಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ವೃದ್ಧರ ಬಳಿಗೆ ಒಯ್ದೆವು. ಬೆಲ್ಟ್ ಬದಲಿಸಿದರು, ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು, ಕ್ಯಾಸೆಟ್ಟಿನ ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿಹಿಡಿಯುವ ಪುಟ್ಟ ಮೆತ್ತೆ ಅಂಟು ಒಣಗಿ ಉದುರಿದ್ದನ್ನು ತೋರಿಸಿ ಟೇಪನ್ನೇ ಬೇರೆ ಕವಚಕ್ಕೆ ವರ್ಗಾಯಿಸಿದರು. ನಾವು ಉತ್ಸಾಹದಿಂದ 24, 96 ಎಂದೆಲ್ಲ ವಿವರಿಸಿದ್ದನ್ನು ತಾಳ್ಮೆಯಿಂದ ಕೇಳಿ, “ಗಾಡೀ ಮೇಂ ಸುನ್ನಾ ಹೈ ನಾ? ಫಿರ್ ಕಾಯ್ಕು ಇತ್ನಾ?” ಎಂದರು. ಅನಂತರ, ಅಷ್ಟನ್ನೂ ಮಾಡುವುದಾದರೆ ಅದಕ್ಕೆ ಮೊದಲು ಇದನ್ನು ಮಾಡಿಕೊಳ್ಳಿ ಎಂದು ಒಂದು ಸಣ್ಣ ಸ್ಕ್ರೂಡ್ರೈವರನ್ನು ನಮ್ಮ ಕೈಗಿತ್ತರು.

ಅದೇನೆಂದು ಹೇಳಬೇಕು, ಏಕೆಂದರೆ ಇಡೀ ಕಥೆಯಲ್ಲಿ ನಿಜವಾಗಿ ಕೆಲಸ ಮಾಡಿದ ಉಪಕರಣ ಅದೊಂದೇ. ಕ್ಯಾಸೆಟ್ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗಿಂತ ಕಡಿಮೆ, ಅದು ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ನಿಧಾನವಾಗಿ ಸರಿಯುತ್ತದೆ. ಹೆಡ್ಡಿನ ಸೀಳು ಟೇಪಿಗೆ ನೆಟ್ಟಗೆ ಲಂಬವಾಗಿರಬೇಕು. ಕೂದಲೆಳೆಯಷ್ಟು ವಾಲಿದರೂ ‘ಸ’ಕಾರ, ‘ಚ’ಕಾರಗಳ ಮೊನಚು ಮಾಯವಾಗಿ, ಧ್ವನಿ ಕಂಬಳಿ ಹೊದ್ದಂತಾಗುತ್ತದೆ. ಅಪ್ಪನ ಟೂ-ಇನ್-ಒನ್‌ನ ಹೆಡ್ಡು ವಾಲಿತ್ತು. ಅದು ಯಾವ ವಾಲಿನಲ್ಲಿ ಬರೆದಿತ್ತೋ ಅದೇ ವಾಲಿನಲ್ಲಿ ಓದಿದರೆ ಮಾತ್ರ ಬರೆದದ್ದೆಲ್ಲ ಸಿಗುತ್ತದೆ. ಸರಿಯಾಗಿ ನಿಂತ ಹೆಡ್ಡು ಇಲ್ಲಿ ತಪ್ಪು ಹೆಡ್ಡು. ಹೆಡ್ಡಿನ ಪಕ್ಕದ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ಅತ್ತ ಇತ್ತ ತಿರುಗಿಸುತ್ತ, ಇಯರ್‌ಫೋನಿನಲ್ಲಿ ಕೇಳುತ್ತ, ಎರಡು ಭಾನುವಾರ ಕಳೆದೆವು.

ಎರಡನೆಯ ಭಾನುವಾರ ಸಂಜೆ ಕಂಬಳಿ ಸರಿಯಿತು. ಕರುಣಾಸಂಧಿಯ ನಡುವೆ ಒಂದು ಕಡೆ ಟಕ್ಕೆಂದು ಯಂತ್ರ ನಿಂತು ಮತ್ತೆ ಶುರುವಾಗುವ ಸದ್ದಿದೆ. ಅದಾದ ಕೂಡಲೇ ಏನೋ ಗೊರಗೊರ; ಚಿಕ್ಕಂದಿನಿಂದ ಅದನ್ನು ಟೇಪು ಸಿಕ್ಕಿಕೊಂಡ ಶಬ್ದವೆಂದೇ ತಿಳಿದಿದ್ದೆವು. ಅಂದು ಅದು ಅಪ್ಪನ ಧ್ವನಿಯೆಂದು ತಿಳಿಯಿತು. “ಹ್ಞೂಂ, ಹಾಡು,” ಎನ್ನುತ್ತಾರೆ. ಅಷ್ಟೇ. ನಮ್ಮ ಮನೆಯಲ್ಲಿ ಅಪ್ಪನ ಧ್ವನಿಯ ಬೇರೆ ಯಾವ ದಾಖಲೆಯೂ ಇಲ್ಲ. ನಮ್ಮ ಮನೆಯವರನ್ನು ಕರೆದು ಕೇಳಿಸಿದೆವು. ಮಾವನನ್ನು ಫೋಟೋದಲ್ಲಿ ಮಾತ್ರ ಕಂಡವರು ಅವರು. ಎರಡು ಸಲ ಕೇಳಿ, “ನಿಮ್ಮ ಧ್ವನಿ ಇದ್ದ ಹಾಗೇ ಇದೆಯಲ್ಲ” ಎಂದರು.

ಆಮೇಲಿನ ಕೆಲಸ ಹೆಚ್ಚು ಸರಳವಾಗಬೇಕಿತ್ತು, ಆಗಲಿಲ್ಲ. ಡೆಕ್ಕಿನಿಂದ ಕಂಪ್ಯೂಟರಿಗೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ಇಳಿಸಿಕೊಂಡು, ಉಚಿತವಾಗಿ ಸಿಗುವ ತಂತ್ರಾಂಶವೊಂದರಿಂದ ಶಾಸ್ತ್ರೋಕ್ತ ಡಿ.ವಿ.ಡಿ.-ಆಡಿಯೋ ತಟ್ಟೆಯನ್ನೇ ಮಾಡಿದೆವು. ಕಾರಿನ ಸ್ಟೀರಿಯೋ ಅದನ್ನು ನುಂಗಿ, ಯೋಚಿಸಿ, ಹೊರಗೆ ಉಗುಳಿತು. ಕಾರಣ ಸಣ್ಣದು: ಡಿ.ವಿ.ಡಿ.-ಆಡಿಯೋದಲ್ಲಿ ಧ್ವನಿ ಇರುವುದು ಆಡಿಯೋ_ಟಿ.ಎಸ್. ಎಂಬ ಕೋಣೆಯಲ್ಲಿ, ಸಾಮಾನ್ಯ ಡಿ.ವಿ.ಡಿ. ಯಂತ್ರ ಹೋಗಿ ಬಾಗಿಲು ಬಡಿಯುವುದು ವೀಡಿಯೋ_ಟಿ.ಎಸ್. ಎಂಬ ಪಕ್ಕದ ಕೋಣೆಗೆ. ದಾರಿ ಇತ್ತು. ಸಿನಿಮಾ ನೋಡುವ ಡಿ.ವಿ.ಡಿ.-ವೀಡಿಯೋದ ನಿಯಮಾವಳಿಯಲ್ಲೇ 24/96ರ ಸ್ಟೀರಿಯೋ ಧ್ವನಿಗೆ ಅನುಮತಿ ಉಂಟು. ಜೊತೆಗೆ ಹೆಸರಿಗೆ ಒಂದು ಚಿತ್ರ ಇರಬೇಕು, ಅಷ್ಟೇ. ರಾಯಚೂರಿನ ಆ ಮನೆಯ ತುಳಸಿಕಟ್ಟೆಯ ಫೋಟೋ ಒಂದನ್ನು ನಿಶ್ಚಲವಾಗಿ ಇಟ್ಟೆವು. ಈ ಲೆಕ್ಕದಲ್ಲಿ 4.7 ಜಿ.ಬಿ.ಯ ತಟ್ಟೆಯೊಂದರಲ್ಲಿ ಎರಡು ಗಂಟೆ ಹದಿನೈದು ನಿಮಿಷದಷ್ಟು ಧ್ವನಿ ಹಿಡಿಯುತ್ತದೆ. ನಮಗೆ ಒಂದು ಗಂಟೆ ಸಾಕಿತ್ತು.

ತಟ್ಟೆ ನುಡಿಯಿತು. ಸಂತೋಷ ತಡೆಯಲಾರದೆ ಅಮ್ಮನ ಹೆಸರನ್ನು ಚೆಂದದ ಅಕ್ಷರಗಳಲ್ಲಿ ಮುದ್ರಿಸಿದ ದುಂಡನೆಯ ಚೀಟಿಯನ್ನು ಅದಕ್ಕೆ ಅಂಟಿಸಿದೆವು. ಮೇ ತಿಂಗಳ ಹೈದರಾಬಾದು. ಹೊರಗೇ 42 ಡಿಗ್ರಿ ಇರುವಾಗ ನಿಲ್ಲಿಸಿದ ಕಾರಿನೊಳಗೆ ಎಷ್ಟಿದ್ದೀತು! ಚೀಟಿಯ ಅಂಟು ಕರಗಿ, ಅಂಚು ಎದ್ದು, ತಟ್ಟೆ ಸ್ಟೀರಿಯೋದ ಗಂಟಲಿನಲ್ಲಿ ಸಿಕ್ಕಿಕೊಂಡಿತು. ಮೆಕ್ಯಾನಿಕ್ ಹುಡುಗ ಡ್ಯಾಶ್‌ಬೋರ್ಡ್ ಬಿಚ್ಚಿ ಅದನ್ನು ಹೊರತೆಗೆಯುವಾಗ ಅಮ್ಮನ ಹೆಸರು ಅರ್ಧ ಒಳಗೆ, ಅರ್ಧ ಹೊರಗೆ ಇತ್ತು. ತಪ್ಪು ಪೂರ್ಣವಾಗಿ ನಮ್ಮದೇ. ಬರೆಯುವ ತಟ್ಟೆಗಳ ಒಳಪದರದ ಬಣ್ಣ ಬಿಸಿಲಿಗೂ ಬಿಸಿಗೂ ಕೆಡುತ್ತದೆ. ಅಂದಿನಿಂದ ಪಂಚೆಯ ತುಂಡು, ಮಾರ್ಕರ್ ಪೆನ್ನು, ಮತ್ತು ಮನೆಯ ಬೀರುವಿನಲ್ಲಿ ಇನ್ನೊಂದು ಪ್ರತಿ.

ಈಗ ಒಂದು ತಪ್ಪೊಪ್ಪಿಗೆ. ಈ 24/96ರಿಂದ ಏನು ದಕ್ಕಿತೆಂದು ತಿಳಿಯಲು ನಾವು ಒಂದು ಪರೀಕ್ಷೆ ಮಾಡಿದೆವು. ಅದೇ ಧ್ವನಿಯನ್ನು ಸಿ.ಡಿ.ಯ ಮಟ್ಟಕ್ಕೆ ಇಳಿಸಿ ಇನ್ನೊಂದು ತಟ್ಟೆಗೆ ಬರೆದೆವು. ರಾತ್ರಿ ಹನ್ನೊಂದಕ್ಕೆ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಂಜಿನ್ ಆರಿಸಿ, ಗಾಜು ಏರಿಸಿ, ನಾವು ಕಣ್ಣು ಮುಚ್ಚಿ ಕುಳಿತೆವು. ನಮ್ಮ ಮನೆಯವರು ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದೋ ಎರಡೋ ತಟ್ಟೆಯನ್ನು ಹಾಕುತ್ತ ಹೋದರು. ಕಾವಲುಗಾರ ಎರಡು ಸಲ ಟಾರ್ಚ್ ಬಿಟ್ಟು ನೋಡಿ ಹೋದ. ಇಪ್ಪತ್ತು ಸರದಿಯಲ್ಲಿ ಹನ್ನೊಂದನ್ನು ಸರಿಯಾಗಿ ಗುರುತಿಸಿದೆವು. ಕೇಳದೆಯೇ ಬಾಯಿಗೆ ಬಂದದ್ದನ್ನು ಹೇಳಿದ್ದರೂ ಸುಮಾರು ಹತ್ತು ಸರಿಯಾಗುತ್ತಿದ್ದವು.

ನಮಗಿಂತ ಒಳ್ಳೆಯ ಕಿವಿಯವರಿಗೂ ಹೀಗೇ ಆಗಿದೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಇಂಥದೇ ಪರೀಕ್ಷೆಯ ಫಲವನ್ನು ಪ್ರಕಟಿಸಿದರು: 554 ಸರದಿಗಳಲ್ಲಿ ಸರಿಯಾದದ್ದು 276. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ, ವ್ಯತ್ಯಾಸ ಸ್ವಲ್ಪಮಟ್ಟಿಗೆ ಗೊತ್ತಾಗುತ್ತದೆ, ತರಬೇತಾದವರಿಗೆ ಇನ್ನಷ್ಟು ಗೊತ್ತಾಗುತ್ತದೆ ಎಂದರು. ಅದು ಉತ್ತಮ ಮೂಲ, ಉತ್ತಮ ಕೋಣೆಗಳ ಮಾತು. ಸಾಧಾರಣ ಕ್ಯಾಸೆಟ್ಟಿನಲ್ಲಿ ಗಟ್ಟಿ ಧ್ವನಿಗೂ ಅದರ ಸ್ವಂತ ಬುಸುಗುಟ್ಟುವಿಕೆಗೂ ನಡುವೆ ಇರುವ ಅಂತರ ಐವತ್ತು ಅರವತ್ತು ಡೆಸಿಬಲ್, ಸಿ.ಡಿ. 96 ಡೆಸಿಬಲ್ಲಿನ ಅಂತರವನ್ನು ಹಿಡಿಯಬಲ್ಲದು. ಅಂದರೆ ನಮ್ಮ 24 ಬಿಟ್‌ಗಳ ಕೆಳಗಿನ ಸಾಲುಗಳೆಲ್ಲ ಟೇಪಿನ ಬುಸುಗುಟ್ಟುವಿಕೆಯನ್ನೇ ಪರಮ ನಿಷ್ಠೆಯಿಂದ ದಾಖಲಿಸಿದ್ದವು. ಕಾರು ಓಡತೊಡಗಿದರೆ ಒಳಗೆ ಅರವತ್ತೈದು, ಎಪ್ಪತ್ತು ಡೆಸಿಬಲ್ ಸದ್ದು ಇದ್ದೇ ಇರುತ್ತದೆ. ಕೋಠಿಯ ವೃದ್ಧರು ಕೇಳಿದ್ದು ಇದನ್ನೇ. ಹಾಗೆಂದು ಆ ಅಂಕಿಗಳು ವ್ಯರ್ಥವೆಂದೂ ನಾವು ಹೇಳಲಾರೆವು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವು ಹಳೆಯ ಟೇಪುಗಳನ್ನು ಕನಿಷ್ಠ 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ, ಸಾಧ್ಯವಾದರೆ 96ರಲ್ಲಿ, ಇಳಿಸಿಕೊಳ್ಳಿ ಎಂದೇ ಹೇಳುತ್ತದೆ. ಮುಂದೆ ಧ್ವನಿಯನ್ನು ಶುಚಿಗೊಳಿಸುವಾಗ ಕೈಯಾಡಿಸಲು ಜಾಗವಿರಲಿ ಎಂದು. ಟೇಪು ಒಂದೇ ಸಲ ಚೆನ್ನಾಗಿ ಓಡೀತು; ಮತ್ತೊಮ್ಮೆ ಓಡುವ ಭರವಸೆಯಿಲ್ಲ. ಬೀರುವಿನ ಪ್ರತಿಗೆ 24/96 ಸರಿ. ಕಾರಿನ ಪ್ರತಿಗೆ ಅದು ನಮ್ಮ ಅಹಂಕಾರ.

ಜೂನ್ ಮೊದಲ ವಾರ ಅಮ್ಮನನ್ನು ರಾಯಚೂರಿಗೆ ಬಿಡಲು ಹೊರಟೆವು. ಹಿಂದೆ ರಾಯಚೂರಿನವರಿಗೆ ರಾಜಧಾನಿಯೇ ಆಗಿದ್ದ ಊರು ಹೈದರಾಬಾದು. 1956ರ ನವೆಂಬರ್ ಒಂದರಂದು ಅದು ಪರರಾಜ್ಯವಾಯಿತು. ದಾರಿ ಮಾತ್ರ ಅದೇ: ಶಾದನಗರ, ಜಡಚರ್ಲ, ಮಹಬೂಬನಗರ, ಮಖ್ತಲ್, ಕೃಷ್ಣೆ. ಅಮ್ಮನನ್ನು ಮುಂದೆ ಕೂರಿಸಿದೆವು, ಸ್ಪೀಕರು ಅವರ ಮೊಣಕಾಲಿನ ಪಕ್ಕದ ಬಾಗಿಲಲ್ಲೇ ಇತ್ತು. ಜಡಚರ್ಲದಲ್ಲಿ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಿ, ವೇಗ ತಗ್ಗಿದ ಮೇಲೆ ತಟ್ಟೆ ಹಾಕಿದೆವು.

ಮಂಗಳಾಚರಣೆ ಮುಗಿಯುವವರೆಗೂ ಅಮ್ಮ ಏನೂ ಹೇಳಲಿಲ್ಲ. ಕೇಳಿಸುತ್ತಿದೆಯೇ ಎಂಬ ಅನುಮಾನ ನಮಗೆ. ಹಾಡುವ ಹೆಂಗಸಿನ ಸ್ವರದ ಮೂಲ ಕಂಪನ ಸಾವಿರ ಹರ್ಟ್ಸ್‌ನ ಒಳಗೇ ಇರುತ್ತದೆ, ಅಮ್ಮನ ಕಿವಿ ಅಲ್ಲಿ ಇನ್ನೂ ಗಟ್ಟಿಯಾಗಿಯೇ ಇತ್ತು, ಎಂದು ನಮಗೆ ನಾವೇ ಹೇಳಿಕೊಂಡೆವು. ಆಮೇಲೆ ನೋಡಿದರೆ ಅವರ ಹೆಬ್ಬೆರಳು ತೊಡೆಯ ಮೇಲೆ ಷಟ್ಪದಿಯ ನಡೆಯನ್ನು ಎಣಿಸುತ್ತಿತ್ತು.

ಕರುಣಾಸಂಧಿಯಲ್ಲಿ ಆ ಟಕ್ಕೆಂಬ ಸದ್ದು ಬಂತು. “ಹ್ಞೂಂ, ಹಾಡು.”

ಅಮ್ಮ ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡರು. ಮುಂದಿನ ಪದ್ಯ ಆರಂಭವಾದ ಕೂಡಲೇ ಸ್ಟೀರಿಯೋ ಕಡೆ ಕೈ ಮಾಡಿ, “ನಿಂದರಸು, ನಿಂದರಸು,” ಎಂದರು. ಹೊಟ್ಟೆಯಲ್ಲಿ ಸಂಕಟವಾಗುತ್ತಿದೆಯೇನೋ ಎಂದು ಕಾರನ್ನೇ ರಸ್ತೆಯ ಬದಿಗೆ ನಿಲ್ಲಿಸಿದೆವು.

“ಇಲ್ಲೆ ಒಂದು ಪದ್ಯ ಬಿಟ್ಟೀನಿ ನೋಡು. ಹಾಲಿನಾಕಿ ಬಂದಿದ್ಲು. ನಿಮ್ಮಪ್ಪ ಮಷೀನ್ ಬಂದ್ ಮಾಡಿದ್ರು. ಹಾಲು ಇಟ್ಟು ಬಂದು ಕೂತೆ, ಎಲ್ಲಿತನಕ ಆಗಿತ್ತು ಅನ್ನೂದು ಮರ್ತು, ಮುಂದಿಂದು ಹಿಡಿದುಬಿಟ್ಟೆ. ಅವರಿಗೂ ತಿಳೀಲಿಲ್ಲ.”

ಇಪ್ಪತ್ತೊಂಬತ್ತು ವರ್ಷ ಈ ವಿಷಯವನ್ನು ಅಮ್ಮ ಯಾರಿಗೂ ಹೇಳಿರಲಿಲ್ಲ. ಒಂದು ಪದ್ಯ ಬಿಟ್ಟರೆ ಆ ಸಂಧಿಯ ಪಾರಾಯಣ ಆದಂತಲ್ಲ ಎಂಬುದು ಅವರ ನಿಯಮ. ಅಲ್ಲೇ, ಬೇವಿನ ಮರದ ನೆರಳಿನಲ್ಲಿ ನಿಂತ ಕಾರಿನಲ್ಲಿ, ಬಿಟ್ಟ ಪದ್ಯವನ್ನು ಹಾಡಿದರು. ಧ್ವನಿ ಎರಡು ಕಡೆ ಒಡೆಯಿತು, ನಡುವೆ ಒಮ್ಮೆ ಉಸಿರು ಎಳೆದುಕೊಂಡರು, ಆದರೆ ನಡೆ ತಪ್ಪಲಿಲ್ಲ. ಹಿಂದೆ ಕುಳಿತಿದ್ದ ನಮ್ಮ ಮನೆಯವರು ಯಾವ ಮಾಯದಲ್ಲೋ ಫೋನಿನಲ್ಲಿ ಧ್ವನಿಮುದ್ರಣದ ಗುಂಡಿ ಒತ್ತಿದ್ದರು. ನಮಗೆ ಅದು ಹೊಳೆದೇ ಇರಲಿಲ್ಲ.

ಫೋನಿನ ಆ ಧ್ವನಿ 24ರದ್ದೂ ಅಲ್ಲ, 96ರದ್ದೂ ಅಲ್ಲ. ಅದರಲ್ಲಿ ಒಂದು ಲಾರಿ ಹಾದುಹೋಗುತ್ತದೆ, ನಾವು ಆರಿಸಲು ಮರೆತ ಇಂಡಿಕೇಟರು ಟಿಕ್ ಟಿಕ್ ಎನ್ನುತ್ತಿದೆ. ಅದನ್ನು ತಟ್ಟೆಯ ಕೊನೆಯಲ್ಲಿ ಪ್ರತ್ಯೇಕವಾಗಿ ಸೇರಿಸುವುದು ಉಚಿತವೆಂದು ನಮ್ಮ ಅಭಿಪ್ರಾಯ. ಮೂಲ ದಾಖಲೆಯನ್ನು ತಿದ್ದಬಾರದು ಎಂಬ ಕಚೇರಿಯ ಸಂಸ್ಕಾರ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, “ಕೊನೀಗೆ ಯಾಕ? ಅದರ ಜಾಗದಾಗ ಹಾಕು,” ಎಂದರು. ನಲವತ್ತರ ಧ್ವನಿಯ ನಡುವೆ ಅರವತ್ತೊಂಬತ್ತರ ಧ್ವನಿ ಹೊಂದುವುದಿಲ್ಲ ಎಂದೆವು. “ಹಾಡು ಹೊಂದ್ತದಲ್ಲ?” ಎಂದರು. ನಮ್ಮ ಎಂ.ಎ. ದಿನಗಳಲ್ಲಿ ವಾಲ್ಟರ್ ಬೆಂಜಮಿನ್‌ನ ಪ್ರಬಂಧ ಓದಿ, ಯಂತ್ರದ ಪ್ರತಿಯಲ್ಲಿ ಮೂಲದ ಪ್ರಭೆ ಉಳಿಯುವುದಿಲ್ಲವೆಂದು ಪುಟಗಟ್ಟಲೆ ಬರೆದು ಅಂಕ ಪಡೆದಿದ್ದೆವು. ಯಾವುದು ಮೂಲ ಎಂಬ ಪ್ರಶ್ನೆಗೆ ಅಮ್ಮನ ಉತ್ತರ ಬೇರೆ ಇತ್ತು.

ಹಾಗಾಗಿ ತಟ್ಟೆಗಳು ಎರಡು. ‘ಮೂಲ’ದಲ್ಲಿ ಟೇಪಿನಲ್ಲಿ ಇದ್ದದ್ದು ಇದ್ದಂತೆಯೇ ಇದೆ. ‘ಪೂರ್ಣ’ದಲ್ಲಿ ಅಪ್ಪ “ಹ್ಞೂಂ, ಹಾಡು,” ಎಂದ ಮೇಲೆ ಬೇವಿನ ಮರದ ಕೆಳಗಿನ ಪದ್ಯ ಬರುತ್ತದೆ, ಇಂಡಿಕೇಟರಿನ ಸದ್ದಿನ ಸಮೇತ, ಅದು ಮುಗಿದ ಮೇಲೆ 1988ರ ಅಮ್ಮ ಮುಂದಿನದನ್ನು ಹಿಡಿಯುತ್ತಾರೆ.

ಕಾರು ಈಗ ಹಳೆಯದಾಗಿದೆ. ಸಹೋದ್ಯೋಗಿಗಳು ಮಾರಿಬಿಡಿ ಎನ್ನುತ್ತಾರೆ. ಈಗಿನ ಕಾರುಗಳಲ್ಲಿ ತಟ್ಟೆ ಹಾಕುವ ಕಿಂಡಿಯೇ ಇಲ್ಲ. ಪೆನ್‌ಡ್ರೈವಿನಲ್ಲಿ ಇದೇ 24/96ರ ಕಡತವನ್ನು ನುಡಿಸುವಂಥವು ಬಂದಿವೆ, ಏನೂ ನಷ್ಟವಿಲ್ಲ ಎಂಬುದೂ ನಮಗೆ ತಿಳಿದಿದೆ. ಹಾಗೆ ಮಾಡಬೇಕಾದೀತು. ಸದ್ಯಕ್ಕೆ ರಾಯಚೂರಿಗೆ ಹೋದಾಗಲೆಲ್ಲ ಅಮ್ಮ ಮಂತ್ರಾಲಯಕ್ಕೋ ಮಾನ್ವಿಗೋ ಹೋಗೋಣ ಎನ್ನುತ್ತಾರೆ. ಕಿವಿಗೆ ಯಂತ್ರ ಇನ್ನೂ ಹಾಕಿಸಿಕೊಂಡಿಲ್ಲ. ಮುಂದಿನ ಸೀಟಿನಲ್ಲಿ ಕುಳಿತು ಬೆಲ್ಟು ಹಾಕಿಸಿಕೊಂಡು, ಖಾನೆಯ ಮುಚ್ಚಳವನ್ನು ತಾವೇ ತೆರೆದು ನೋಡುತ್ತಾರೆ.

“ತಟ್ಟಿ ತಂದೀಯಿಲ್ಲೋ? ಪೂರಾ ಇದ್ದದ್ದು?”